ನೂರೈವತ್ತೇಳನೆಯ ಪುಟದಲ್ಲಿ ನಿಲ್ಲುತ್ತಿದ್ದ ಲ್ಯಾಪ್‌ಟಾಪ್

ಈ ಪ್ರಕರಣದಲ್ಲಿ ತಪ್ಪು ಹೆಚ್ಚುಕಡಿಮೆ ಪೂರ್ತಿ ನನ್ನದೇ. ಹಾಗಾಗಿ ಬರೆಯಲು ಯಾರ ಮುಲಾಜೂ ಇಲ್ಲ. ಆದರೂ ಇದರಲ್ಲಿ ಬರುವ ಹಿರಿಯರ ಹೆಸರು, ಅವರ ಬಡಾವಣೆ, ಅವರು ಕೆಲಸ ಮಾಡಿಕೊಡುವ ಪ್ರಕಾಶನ, ಪುಸ್ತಕಗಳ ಶೀರ್ಷಿಕೆ ಯಾವುದನ್ನೂ ಹೇಳಿಲ್ಲ. ನಾನು ಎದುರಿಗೆ ಕರೆಯುವಂತೆ ಇಲ್ಲಿಯೂ ಅವರನ್ನು ಮೇಡಂ ಎಂದೇ ಕರೆದಿದ್ದೇನೆ. ಬರಹವನ್ನು ಅವರಿಗೆ ತೋರಿಸಿದ್ದೇನೆ. ಒಪ್ಪಿಗೆ ಸಿಗುವ ಮೊದಲು ಹನ್ನೊಂದು ಕಡೆ ಕೆಂಪು ಶಾಯಿ ಬಿತ್ತು.

ಹಿನ್ನೆಲೆ

ಮೇಡಂ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಮೂರು ವರ್ಷ ನಾನು ಅವರ ವಿದ್ಯಾರ್ಥಿ. ಈಗ ಹೊರವರ್ತುಲ ರಸ್ತೆಯ ಒಂದು ಕಂಪನಿಯಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಉದ್ಯೋಗ, ಭಾನುವಾರಗಳಲ್ಲಿ ಪರಿಚಯದವರ ಕಂಪ್ಯೂಟರ್ ರಿಪೇರಿ ನನ್ನ ಹಣೆಬರಹ.

ನಿವೃತ್ತಿಯ ನಂತರ ಮೇಡಂ ಕರಡು ತಿದ್ದುವ ಕೆಲಸ ಹಿಡಿದರು. ಹಳೆಯ ಪುಸ್ತಕಗಳನ್ನು ಮರುಮುದ್ರಿಸುವ ಒಂದು ಸಣ್ಣ ಪ್ರಕಾಶನ ಅವರಿಗೆ ಕೆಲಸ ಕೊಡುತ್ತದೆ. ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ನಮ್ಮಲ್ಲಿ ಕೃತಿಸ್ವಾಮ್ಯ ಮುಗಿಯುತ್ತದೆ. ಅಂಥ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಿ ಪೆನ್‌ಡ್ರೈವ್‌ನಲ್ಲಿ ಕಳಿಸುತ್ತಾರೆ. ಮೇಡಂ ಆ ಪುಟಚಿತ್ರಗಳನ್ನು ಟೆಸರ‍್ಯಾಕ್ಟ್ ಎಂಬ ತಂತ್ರಾಂಶದಿಂದ ಅಕ್ಷರಕ್ಕೆ ಇಳಿಸಿ, ಲಿಬ್ರೆ ಆಫೀಸ್‌ನಲ್ಲಿ ತೆರೆದು, ಮೂಲದ ಜೊತೆ ಸಾಲುಸಾಲಾಗಿ ಹೋಲಿಸಿ ತಿದ್ದುತ್ತಾರೆ. ಟೆಸರ‍್ಯಾಕ್ಟ್ ಕನ್ನಡವನ್ನು ಪರವಾಗಿಲ್ಲ ಎನ್ನುವಷ್ಟು ಓದುತ್ತದೆ. ಆದರೆ ಹಳೆಯ ಮೊಳೆಯಚ್ಚಿನಲ್ಲಿ ಥಕಾರದ ಒಳಗಿನ ಚುಕ್ಕೆ ಮಾಸಿದ್ದರೆ ಅದನ್ನು ಧ ಎಂದುಕೊಳ್ಳುತ್ತದೆ. ಅರ್ಥಶಾಸ್ತ್ರವೆಲ್ಲ ಅರ್ಧಶಾಸ್ತ್ರವಾಗಿದ್ದ ಒಂದು ಪುಟವನ್ನು ಮೇಡಂ ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಲ್ಯಾಪ್‌ಟಾಪ್ ಎಸ್.ಪಿ. ರಸ್ತೆಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಮಾಲು. 11.6 ಅಂಗುಲದ ಪರದೆ, ಎರಡು ಕೋರ್‌ಗಳ ಸೆಲೆರಾನ್, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಸಂಗ್ರಹ (ಫ್ಲ್ಯಾಶ್ ಚಿಪ್; ಮುಂದೆ ಡಿಸ್ಕ್ ಎಂದಿರುವುದೂ ಇದನ್ನೇ). ಇದಕ್ಕಿಂತ ದೊಡ್ಡದು ಬೇಡ ಎಂಬುದು ಮೇಡಂ ಹಟ. ತಿದ್ದಿದ ಪ್ರತಿಯ ಜೊತೆ ಲ್ಯಾಪ್‌ಟಾಪನ್ನೂ ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬಿಎಂಟಿಸಿ ಬಸ್ಸಿನಲ್ಲಿ ಪ್ರಕಾಶಕರ ಕಚೇರಿಗೆ ಹೋಗುವವರು ಅವರು. ನಿಂತು ಪ್ರಯಾಣ ಮಾಡುವಾಗ ಭುಜಕ್ಕೆ ಭಾರವಾಗಬಾರದು.

ಜೊತೆಗೆ ಬಂದಿದ್ದ ವಿಂಡೋಸ್ 10 ಅಷ್ಟು ಕಡಿಮೆ ರ‍್ಯಾಮಿನಲ್ಲಿ ಏದುಸಿರು ಬಿಡುತ್ತಿತ್ತು. 2023ರಲ್ಲಿ ಅದನ್ನು ತೆಗೆದು ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ 12ನೆಯ ಆವೃತ್ತಿ ಹಾಕಿದೆ. ಅದರ ಅಡ್ಡಹೆಸರು ಬುಕ್‌ವರ್ಮ್, ಅಂದರೆ ಪುಸ್ತಕದ ಹುಳು. "ನನ್ನ ಹೆಸರನ್ನೇ ಇಟ್ಟಿದ್ದಾರಲ್ಲಪ್ಪ" ಎಂದು ಮೇಡಂ ನಕ್ಕಿದ್ದರು. ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಕಲಿತವರಾದ್ದರಿಂದ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯೇ ಬೇಕಿತ್ತು. ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆಗಳ ಬೆರಳಚ್ಚಿಗೆ ಇರುವ ಐಬಸ್ ತಂತ್ರಾಂಶದ ಮೂಲಕ ಅದು ಸಿಕ್ಕಿತು. ಎರಡು ವರ್ಷ ದೂರು ಎಂಬುದೇ ಬರಲಿಲ್ಲ.

ಅಕ್ಷರ ತೆಗೆಯುವ ಕೆಲಸಕ್ಕೆ ನಾನೇ ಒಂದು ಸಣ್ಣ ಸ್ಕ್ರಿಪ್ಟ್ (ಯಂತ್ರಕ್ಕೆ ಕೊಡುವ ಆಜ್ಞೆಗಳ ಪಟ್ಟಿ) ಬರೆದು ಡೆಸ್ಕ್‌ಟಾಪ್ ಮೇಲೆ ಐಕಾನ್ ಮಾಡಿ ಕೊಟ್ಟಿದ್ದೆ. ಪಿಡಿಎಫ್ ಕಡತವನ್ನು ಅದರ ಮೇಲೆ ಎಳೆದು ಬಿಟ್ಟರೆ ಸಾಕು. ರಾತ್ರಿ ಅಡುಗೆಗೆ ಏಳುವಾಗ ಹಚ್ಚಿದರೆ ಮಲಗುವ ಹೊತ್ತಿಗೆ ಪುಸ್ತಕ ಪೂರ್ತಿ ಅಕ್ಷರವಾಗಿರುತ್ತಿತ್ತು. ಈ ಸ್ಕ್ರಿಪ್ಟ್ ಮುಂದೆ ಮತ್ತೆ ಬರುತ್ತದೆ.

ಹೊಸ ಆವೃತ್ತಿ ಏಕೆ ಹಾಕಿದೆ

ಡೆಬಿಯನ್ 13, ಅಡ್ಡಹೆಸರು ಟ್ರಿಕ್ಸಿ, 2025ರ ಆಗಸ್ಟ್ 9ರಂದು ಬಿಡುಗಡೆಯಾಯಿತು. ಸೆಪ್ಟೆಂಬರ್ ಕೊನೆಯ ವಾರ ಮೇಡಂ ಲ್ಯಾಪ್‌ಟಾಪಿಗೆ ಅದನ್ನು ಏರಿಸಿದೆ. ಏಕೆ ಎಂದು ಈಗ ಕೇಳಿಕೊಂಡರೆ ಮರ್ಯಾದೆಯ ಉತ್ತರ ಸಿಗುವುದಿಲ್ಲ. ಡೆಬಿಯನ್ 12ಕ್ಕೆ ಮಾಮೂಲಿ ಭದ್ರತಾ ಬೆಂಬಲ 2026ರ ಜೂನ್‌ವರೆಗೆ ಇತ್ತು, ದೀರ್ಘಾವಧಿಯ ಬೆಂಬಲ 2028ರ ಜೂನ್‌ವರೆಗೆ. ಯಾವ ಅವಸರವೂ ಇರಲಿಲ್ಲ. ವಿಂಡೋಸ್ 10ರ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಎಂದು ಪತ್ರಿಕೆಗಳಲ್ಲಿ ಬರುತ್ತಿತ್ತು. ಅದನ್ನು ಓದಿದ ಮೇಡಂ "ನಮ್ಮದಕ್ಕೂ ಏನಾದರೂ ಮಾಡಿಸಬೇಕೇನಪ್ಪ?" ಎಂದು ಕೇಳಿದರು. ಬೇಡ ಎನ್ನುವುದು ಸರಿಯಾದ ಉತ್ತರವಾಗಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಹೊಸದು ಸೊಗಸಾಗಿ ಓಡುತ್ತಿತ್ತು, ಆದ್ದರಿಂದ ಬೇಕು ಎಂದೆ. ನನ್ನದರಲ್ಲಿ 32 ಜಿಬಿ ರ‍್ಯಾಮ್ ಇದೆ ಎಂಬುದು ಆ ಕ್ಷಣ ಹೊಳೆಯಲೇ ಇಲ್ಲ.

ಏರಿಸುವ ಕೆಲಸ ಒಂದು ಮಧ್ಯಾಹ್ನದಲ್ಲಿ ತಕರಾರಿಲ್ಲದೆ ಮುಗಿಯಿತು. ಮೇಡಂ ಕಡತಗಳನ್ನು ಮೊದಲೇ ಪೆನ್‌ಡ್ರೈವ್‌ಗೆ ಇಳಿಸಿಕೊಂಡಿದ್ದೆ. ಇಡೀ ಡಿಸ್ಕಿನ ಪ್ರತಿ ಮಾತ್ರ ತೆಗೆದಿರಲಿಲ್ಲ. ಆಯುಧಪೂಜೆಯ ದಿನ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟ ಚಿತ್ರವನ್ನು ಮೇಡಂ ಕಳಿಸಿದರು. ದೂರು ಬಂದದ್ದು ಅದರ ಮರುದಿನ.

ತೊಂದರೆ

"ರಾತ್ರಿ ಹೊತ್ತು ಇದು ಕಲ್ಲಾಗುತ್ತದೆ." ಮೇಡಂ ಹೇಳಿದ ಮಾತು ಇಷ್ಟೇ. ಹೋಗಿ ನೋಡಿದರೆ ನಿಜ. ಮೌಸ್ ಬಾಣ ಜಗ್ಗುವುದಿಲ್ಲ, ಒತ್ತಿದ ಅಕ್ಷರ ಅರ್ಧ ನಿಮಿಷದ ನಂತರ ಮೂಡುತ್ತದೆ, ಸಂಗ್ರಹದ ದೀಪ ಒಂದೇ ಸಮನೆ ಉರಿಯುತ್ತದೆ. ಗುಂಡಿ ಒತ್ತಿ ಹಿಡಿದು ಆರಿಸುವುದೊಂದೇ ದಾರಿ. ಹಗಲಿನಲ್ಲಿ ಏನೂ ಇಲ್ಲ, ಹೂವಿನಂತೆ ಓಡುತ್ತದೆ.

ಕೈಯಲ್ಲಿದ್ದ ಪುಸ್ತಕವನ್ನು ರಾಜ್ಯೋತ್ಸವಕ್ಕೆ ತರಬೇಕೆಂಬುದು ಪ್ರಕಾಶಕರ ಆಸೆ. ನವೆಂಬರ್ ಎಂದರೆ ಕನ್ನಡ ಪುಸ್ತಕಗಳಿಗೆ ಸುಗ್ಗಿ. ಮೇಡಂ ಗಡುವು ಹೇಳಿಬಿಟ್ಟರು: "ದೀಪಾವಳಿಯವರೆಗೆ ನೋಡು. ಆಗದಿದ್ದರೆ ನನ್ನ ಪುಸ್ತಕದ ಹುಳುವನ್ನೇ ವಾಪಸ್ ತಂದುಕೊಡು." ಡೆಬಿಯನ್‌ನಲ್ಲಿ ಮೇಲಿನ ಆವೃತ್ತಿಯಿಂದ ಕೆಳಗಿಳಿಯುವ ರಾಜಮಾರ್ಗವಿಲ್ಲ, ಹಳೆಯದು ಬೇಕೆಂದರೆ ಅಳಿಸಿ ಹೊಸದಾಗಿ ಹಾಕಬೇಕು. ಇಡೀ ಡಿಸ್ಕಿನ ಪ್ರತಿ ಇದ್ದಿದ್ದರೆ ಒಂದು ಗಂಟೆಯ ಕೆಲಸ. ಇಲ್ಲದ್ದರಿಂದ ಒಂದು ಭಾನುವಾರ ಪೂರ್ತಿ. ಆ ಭಾನುವಾರವನ್ನು ಉಳಿಸಿಕೊಳ್ಳಲು ಹೋಗಿ ಎರಡು ವಾರ ಕಳೆದೆ.

ಮಾಡಿ ನೋಡಿದ್ದು

ಮೊದಲು ಬ್ರೌಸರ್ ಮೇಲೆ ಅನುಮಾನ. ಮೇಡಂ ನಿಘಂಟಿನ ಪುಟಗಳನ್ನು ತೆರೆದಿಟ್ಟುಕೊಂಡೇ ಇರುತ್ತಾರೆ. ಎಲ್ಲವನ್ನೂ ಮುಚ್ಚಿಸಿದೆ. ಆ ರಾತ್ರಿ ಸ್ವಲ್ಪ ತಡವಾಗಿ ಕಲ್ಲಾಯಿತು, ಅಷ್ಟೇ.

ಎರಡನೆಯದು ಡೆಸ್ಕ್‌ಟಾಪ್, ಅಂದರೆ ಪರದೆಯ ಮೇಲೆ ಕಿಟಕಿ, ಐಕಾನ್‌ಗಳನ್ನು ತೋರಿಸುವ ತಂತ್ರಾಂಶ. ಎಕ್ಸ್‌ಎಫ್‌ಸಿಇ ಬದಲು ಇನ್ನೂ ಹಗುರವಾದ ಎಲ್ಎಕ್ಸ್‌ಕ್ಯೂಟಿ ಹಾಕಿ, ಹಳೆಯ ಹೊಂದಿಕೆಗಳ ಕಾಟವಿರದಿರಲಿ ಎಂದು ಹೊಸ ಬಳಕೆದಾರರ ಖಾತೆಯನ್ನೇ ತೆರೆದುಕೊಟ್ಟೆ. ಆ ಖಾತೆಯಲ್ಲಿ ಕನ್ನಡ ಕೀಲಿಮಣೆ ಸೇರಿಸುವುದನ್ನು ಮರೆತೆ. ಮರುದಿನ ಬೆಳಿಗ್ಗೆ ನಾನು ಸಿಲ್ಕ್ ಬೋರ್ಡ್‌ ಬಳಿ ಸಿಕ್ಕಿಹಾಕಿಕೊಂಡಿದ್ದಾಗ ಫೋನ್ ಬಂತು. "ಕನ್ನಡ ಬರದ ಯಂತ್ರ ನನ್ನ ಮನೆಯಲ್ಲಿ ಏಕಿದೆ ಎಂದು ಸ್ವಲ್ಪ ವಿವರಿಸುತ್ತೀಯಾ?" ತರಗತಿಯಲ್ಲಿ ಮನೆಪಾಠ ತಾರದವರಿಗೆ ಬಳಸುತ್ತಿದ್ದ ಅದೇ ಧ್ವನಿ. ಅಂದು ಸಂಜೆಯೇ ಹಳೆಯ ಖಾತೆಗೆ ಮರಳಿದೆವು. ಈ ಅಡ್ಡದಾರಿಯಿಂದ ದಕ್ಕಿದ್ದು ಒಂದೇ: 768 ಸಾಲುಗಳ ಪರದೆಯಲ್ಲಿ ಕಿಟಕಿಯ ಕೆಳಗಿನ ಗುಂಡಿಗಳು ಕಾಣದೆ ಹೋದಾಗ ಆಲ್ಟ್ ಕೀಲಿ ಒತ್ತಿ ಹಿಡಿದು ಕಿಟಕಿಯನ್ನು ಮೇಲಕ್ಕೆ ಎಳೆಯಬಹುದು ಎಂದು ಮೇಡಂ ಕಲಿತರು. ಈಗ ನನಗಿಂತ ಚುರುಕಾಗಿ ಎಳೆಯುತ್ತಾರೆ.

ಮೂರನೆಯದು ರ‍್ಯಾಮ್ ಹೆಚ್ಚಿಸುವ ಯೋಚನೆ. ಶನಿವಾರ ಎಸ್.ಪಿ. ರಸ್ತೆಯ ಒಂದು ಅಂಗಡಿಗೆ ಒಯ್ದೆ. ಹುಡುಗ ಹಿಂಬದಿಯ ಮುಚ್ಚಳ ತೆಗೆದು ತೋರಿಸಿದ: ಚಿಪ್‌ಗಳು ನೇರ ಬೋರ್ಡಿಗೇ ಬೆಸುಗೆಯಾಗಿವೆ, ಸೇರಿಸಲು ಸ್ಲಾಟ್ ಇಲ್ಲ. "ಬೇರೆಯದು ತೆಗೆದುಕೊಳ್ಳಿ ಸಾರ್" ಎಂದ. ಆ ಸಂಜೆ ಅವನ ಮಾತು ನನಗೆ ಸರಿ ಎನಿಸಿದ್ದನ್ನು ಒಪ್ಪಿಕೊಳ್ಳಬೇಕು. ಮೇಡಂ ದುಡ್ಡು ಖರ್ಚು ಮಾಡಿದ್ದರೆ ಪ್ರಕರಣ ಅಲ್ಲಿಗೆ ಮುಗಿದುಹೋಗಿ, ಕಾರಣ ಯಾರಿಗೂ ತಿಳಿಯುತ್ತಿರಲಿಲ್ಲ.

ನಾಲ್ಕನೆಯದು ಝಡ್‌ರ‍್ಯಾಮ್. ರ‍್ಯಾಮ್ ತುಂಬಿದಾಗ ಲಿನಕ್ಸ್ ಸದ್ಯ ಬೇಡದ್ದನ್ನು ಸ್ವಾಪ್‌ಗೆ, ಅಂದರೆ ಸಂಗ್ರಹದ ಒಂದು ಭಾಗಕ್ಕೆ ತಳ್ಳುತ್ತದೆ. ಇಎಂಎಂಸಿ ನಿಧಾನದ್ದು, ಅಲ್ಲಿಗೆ ಹೋಗಿ ಬರುವುದರಲ್ಲೇ ಯಂತ್ರ ಸುಸ್ತಾಗುತ್ತದೆ. ಝಡ್‌ರ‍್ಯಾಮ್ ಹಾಗೆ ಹೊರಗೆ ತಳ್ಳುವ ಬದಲು ರ‍್ಯಾಮಿನೊಳಗೇ ಗಂಟು ಕಟ್ಟಿ ಕುಗ್ಗಿಸಿಡುತ್ತದೆ. ಟ್ರಂಕಿನಲ್ಲಿ ಸೀರೆ ಮಡಿಚಿಟ್ಟ ಹಾಗೆ. ರ‍್ಯಾಮಿನ ಅರ್ಧದಷ್ಟು ಗಾತ್ರ ಕೊಟ್ಟು ಹಚ್ಚಿದೆ. ಆ ರಾತ್ರಿ ಲ್ಯಾಪ್‌ಟಾಪ್ ಕಲ್ಲಾಗಲಿಲ್ಲ. ಗೆದ್ದೆ ಎಂದುಕೊಂಡು ಮೇಡಂ ಮನೆಯಲ್ಲಿ ಎರಡು ಲೋಟ ಕಾಫಿ ಕುಡಿದು ಬಂದೆ.

ತಿರುವು

ಎರಡು ದಿನಗಳ ನಂತರ ಮೇಡಂ ಕರೆದರು. ಈ ಬಾರಿ ಕೋಪವಿಲ್ಲ, ಕುತೂಹಲ. "ಯಂತ್ರ ಚೆನ್ನಾಗಿದೆ. ಆದರೆ ಪುಸ್ತಕ ಅರ್ಧಕ್ಕೇ ಮುಗಿಯುತ್ತಿದೆ."

ಅವರು ಒಂದು ಇನ್ನೂರು ಪುಟದ ನೋಟುಪುಸ್ತಕ ಇಟ್ಟಿದ್ದಾರೆ. ಯಾವ ಪುಸ್ತಕ, ಯಾವಾಗ ಶುರು, ಎಷ್ಟು ಪುಟ, ಎಲ್ಲಿ ಸಂಶಯ, ಎಲ್ಲ ಅದರಲ್ಲಿ ಗೆರೆ ಎಳೆದ ಅಂಕಣಗಳಲ್ಲಿ. ಪ್ರಕಾಶಕರಿಗೆ ಲೆಕ್ಕ ಕೊಡಲು ಇಟ್ಟದ್ದು. ಯಂತ್ರದ ಸಲುವಾಗಿ ಅಲ್ಲ. ಆ ವಾರದ ಪುಟ ಹೀಗಿತ್ತು. 240 ಪುಟಗಳ ಸಣ್ಣ ಆಕಾರದ ಕಾದಂಬರಿ: 157ನೆಯ ಪುಟದ ಮಧ್ಯದಲ್ಲಿ ನಿಂತಿದೆ, ಮರುಯತ್ನ ಮಾಡಿದಾಗಲೂ 157. ಅದೇ ಆಕಾರದ 120 ಪುಟಗಳ ನಾಟಕ: ಪೂರ್ತಿ ಬಂದಿದೆ. ದೊಡ್ಡ ಆಕಾರದ 180 ಪುಟಗಳ ಪ್ರಬಂಧ ಸಂಕಲನ: 98ಕ್ಕೆ ನಿಂತಿದೆ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಒಂದು ಟಿಪ್ಪಣಿ: "ದಪ್ಪ ಪುಸ್ತಕವಲ್ಲ, ಅಗಲ ಪುಸ್ತಕ ಬೇಗ ನಿಲ್ಲುತ್ತದೆ."

ಆ ಪೆನ್ಸಿಲ್ ಸಾಲು ಇಡೀ ಪ್ರಕರಣವನ್ನು ಬಿಡಿಸಿತು. ಅಲ್ಲೇ ಕುಳಿತು ಗುಣಿಸಿದೆ. ಸ್ಕ್ರಿಪ್ಟ್ ಮೊದಲು ಪಿಡಿಎಫ್‌ನ ಎಲ್ಲ ಪುಟಗಳನ್ನೂ ಅಂಗುಲಕ್ಕೆ 300 ಬಿಂದುಗಳ ಬಣ್ಣದ ಚಿತ್ರಗಳಾಗಿ ಮಾಡುತ್ತದೆ, ಆಮೇಲೆ ಒಂದೊಂದನ್ನೇ ಟೆಸರ‍್ಯಾಕ್ಟ್‌ಗೆ ಕೊಡುತ್ತದೆ. ಆ ಚಿತ್ರಗಳು ಸ್ವಲ್ಪವೂ ಕುಗ್ಗಿಸದವು. ಒಂದು ಬಿಂದುವಿಗೆ ಮೂರು ಬೈಟ್. ಐದೂವರೆಗೆ ಎಂಟೂವರೆ ಅಂಗುಲದ ಪುಟ ಸುಮಾರು 12.6 ಎಂಬಿ. ಏಳೂವರೆಗೆ ಹತ್ತು ಅಂಗುಲದ್ದು ಸುಮಾರು 20 ಎಂಬಿ. 157ನ್ನು ಮೊದಲನೆಯದರಿಂದ ಗುಣಿಸಿ, 98ನ್ನು ಎರಡನೆಯದರಿಂದ ಗುಣಿಸಿ: ಎರಡೂ 2000 ಎಂಬಿಯ ಹೊಸ್ತಿಲಲ್ಲೇ ಬಂದು ನಿಲ್ಲುತ್ತವೆ. ಪುಸ್ತಕ ಬೇರೆ, ಗೋಡೆ ಒಂದೇ.

ಗೋಡೆ ಯಾವುದು ಎಂದು ತಿಳಿಯಲು ಐದು ನಿಮಿಷ ಸಾಕಾಯಿತು. ತಾತ್ಕಾಲಿಕ ಕಡತಗಳಿಗೆಂದು ಇರುವ ಟಿಎಂಪಿ ಫೋಲ್ಡರ್ ಡೆಬಿಯನ್ 12ರಲ್ಲಿ ಡಿಸ್ಕಿನ ಮೇಲೆ ಇರುತ್ತಿತ್ತು. ಡೆಬಿಯನ್ 13ರಲ್ಲಿ ಅದು ತಾನಾಗಿಯೇ ರ‍್ಯಾಮಿಗೆ ವಾಸ ಬದಲಿಸಿದೆ, ರ‍್ಯಾಮಿನ ಅರ್ಧದವರೆಗೆ ಬೆಳೆಯಬಹುದು ಎಂಬ ಮಿತಿಯೊಂದಿಗೆ. ಬಿಡುಗಡೆ ಟಿಪ್ಪಣಿಯಲ್ಲಿ ಇದನ್ನು ಸ್ಪಷ್ಟವಾಗಿಯೇ ಬರೆದಿದ್ದಾರೆ. ನಾನು ಓದಿಯೂ ಇದ್ದೆ. ನನ್ನ ಸ್ಕ್ರಿಪ್ಟ್ ಚಿತ್ರಗಳನ್ನು ರಾಶಿ ಹಾಕುತ್ತಿದ್ದುದು ಅದೇ ಫೋಲ್ಡರಿನಲ್ಲಿ. ಅಂದರೆ ರಾತ್ರಿ ಮೇಡಂ ಒಂದು ಪುಸ್ತಕವನ್ನು ಐಕಾನ್ ಮೇಲೆ ಎಳೆದು ಬಿಟ್ಟರೆ 4 ಜಿಬಿಯ ಪುಟ್ಟ ಲ್ಯಾಪ್‌ಟಾಪಿನ ಅರ್ಧ ರ‍್ಯಾಮ್ ಪುಟಚಿತ್ರಗಳ ಪಾಲು. ಉಳಿದರ್ಧದಲ್ಲಿ ಬ್ರೌಸರ್, ಲಿಬ್ರೆ ಆಫೀಸ್ ಉಸಿರುಗಟ್ಟಿ ಸ್ವಾಪ್‌ಗೆ ಓಡುತ್ತಿದ್ದವು. ಅದೇ ಕಲ್ಲು. ಝಡ್‌ರ‍್ಯಾಮ್ ಬಂದು ಉಸಿರಾಟ ಸರಿಯಾದಾಗ ಸ್ಕ್ರಿಪ್ಟ್ ಮಿತಿಯವರೆಗೆ ಆರಾಮವಾಗಿ ಸಾಗಿ, ಗೋಡೆಗೆ ಬಡಿದು ಸದ್ದಿಲ್ಲದೆ ನಿಲ್ಲತೊಡಗಿತು.

ಸದ್ದಿಲ್ಲದೆ ಏಕೆ? ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತದೆ. ಟೆಸರ‍್ಯಾಕ್ಟ್ ಉಗುಳುವ ಎಚ್ಚರಿಕೆಗಳನ್ನು ಕಂಡು ಮೇಡಂ ಗಾಬರಿಯಾದಾರು ಎಂದು 2023ರಲ್ಲೇ ದೋಷ ಸಂದೇಶಗಳನ್ನೆಲ್ಲ ಡೆವ್ ನಲ್ ಎಂಬ ಪಾತಾಳಕ್ಕೆ ಕಳಿಸಿದ್ದೆ. "ಸಾಧನದಲ್ಲಿ ಜಾಗ ಉಳಿದಿಲ್ಲ" ಎಂದು ಯಂತ್ರ ಪ್ರತಿ ರಾತ್ರಿ ಕೂಗಿದೆ, ನಾನು ಅದರ ಬಾಯಿಗೆ ಬಟ್ಟೆ ತುರುಕಿದ್ದೆ. ಸಾಲದ್ದಕ್ಕೆ ಕೆಲಸ ಮುಗಿದರೂ ಕೆಟ್ಟರೂ ತಾತ್ಕಾಲಿಕ ಚಿತ್ರಗಳನ್ನು ಅಳಿಸಿಹಾಕುವ ಸಾಲೊಂದನ್ನು ಬರೆದಿದ್ದೆ. ಆದ್ದರಿಂದ ನಾನು ಬಂದು ನೋಡುವ ಹೊತ್ತಿಗೆ ಟಿಎಂಪಿ ಗುಡಿಸಿ ಸಾರಿಸಿದ ಅಂಗಳದಂತೆ ಖಾಲಿ. ಡಿಸ್ಕಿನಲ್ಲಿ 30 ಜಿಬಿಗಿಂತ ಹೆಚ್ಚು ಜಾಗವಿದೆ ಎಂದು ಪ್ರತಿ ಸಲವೂ ಖಾತ್ರಿ ಮಾಡಿಕೊಂಡು ಹೋಗುತ್ತಿದ್ದೆ.

ಏನು ಮಾಡಿದೆವು

ದಾರಿಗಳು ಮೂರಿದ್ದವು. ಟಿಎಂಪಿಯನ್ನು ಹಳೆಯಂತೆ ಡಿಸ್ಕಿಗೆ ಮರಳಿಸುವುದು: ಯಂತ್ರದ ಸೇವೆಗಳನ್ನು ನಡೆಸುವ ಸಿಸ್ಟಂಡಿ ಎಂಬ ತಂತ್ರಾಂಶಕ್ಕೆ ಟಿಎಂಪಿಯನ್ನು ರ‍್ಯಾಮಿನಲ್ಲಿ ಇಡಬೇಡ ಎಂದು ಹೇಳಿ ಮರುಚಾಲನೆ ಮಾಡಿದರೆ ಆಯಿತು, ಒಂದೇ ಸಾಲಿನ ಆಜ್ಞೆ. ಎರಡನೆಯದು, ಸ್ಕ್ರಿಪ್ಟಿನ ತಾತ್ಕಾಲಿಕ ಕಡತಗಳನ್ನು ವಾರ್ ಎಂಬ ಫೋಲ್ಡರಿನ ಒಳಗಿರುವ ಇನ್ನೊಂದು ಟಿಎಂಪಿಗೆ ಹಾಕುವುದು; ಅದು ಈಗಲೂ ಡಿಸ್ಕಿನ ಮೇಲೇ ಇದೆ. ಮೊದಲನೆಯದನ್ನು ಮಾಡಿ ಮನೆಗೆ ಹೋಗುವ ಆಸೆ ಬಲವಾಗಿತ್ತು.

ತಡೆದದ್ದು ಅದೇ ಗುಣಾಕಾರ. 240 ಪುಟಗಳ ಪುಸ್ತಕಕ್ಕೆ 3 ಜಿಬಿ ಚಿತ್ರ. ಎರಡು ವರ್ಷ ಪ್ರತಿ ಪುಸ್ತಕಕ್ಕೂ ಅಷ್ಟನ್ನು ಇಎಂಎಂಸಿಯ ಮೇಲೆ ಬರೆದು, ಒಂದು ಸಲ ಓದಿ, ಅಳಿಸಿದ್ದೇವೆ. ಇಎಂಎಂಸಿಗೆ ಬರೆಯುವ ಆಯುಸ್ಸು ಲೆಕ್ಕದ್ದು. ಇದರಲ್ಲಿ ಅದೂ ಬೋರ್ಡಿಗೇ ಬೆಸುಗೆಯಾಗಿರುವುದರಿಂದ ಸವೆದರೆ ಬದಲಿಸುವಂತಿಲ್ಲ. ಹೊಸ ಆವೃತ್ತಿಯನ್ನು ಎರಡು ವಾರ ಬೈದಿದ್ದೆ. ಅದು ಮಾಡಿದ ಬದಲಾವಣೆ ಇಂಥ ಲ್ಯಾಪ್‌ಟಾಪಿಗೆ ಒಳ್ಳೆಯದೇ ಆಗಿತ್ತು. ದುಂದು ನನ್ನ ಸ್ಕ್ರಿಪ್ಟಿನದ್ದು.

ಹಾಗಾಗಿ ಮೂರನೆಯ ದಾರಿ ಹಿಡಿದೆ. ಈಗ ಸ್ಕ್ರಿಪ್ಟ್ ಒಂದು ಪುಟವನ್ನು ಮಾತ್ರ ಚಿತ್ರ ಮಾಡುತ್ತದೆ, ಅಕ್ಷರ ತೆಗೆಯುತ್ತದೆ, ಚಿತ್ರವನ್ನು ಅಳಿಸಿ ಮುಂದಿನದಕ್ಕೆ ಹೋಗುತ್ತದೆ. ಬಣ್ಣದ ಬದಲು ಬೂದು ಛಾಯೆ; ಹಳದಿಯಾದ ಕಾಗದದ ಬಣ್ಣ ಟೆಸರ‍್ಯಾಕ್ಟ್‌ಗೆ ಯಾವ ಪ್ರಯೋಜನಕ್ಕೂ ಬರುವುದಿಲ್ಲ. ಯಾವ ಕ್ಷಣದಲ್ಲೂ ಟಿಎಂಪಿಯಲ್ಲಿ ಇರುವುದು 4 ಎಂಬಿಯಿಂದ 7 ಎಂಬಿ. ಕೊನೆಯಲ್ಲಿ "240 ಪುಟಗಳಲ್ಲಿ 240 ಬಂದಿವೆ" ಎಂದು ಕನ್ನಡದಲ್ಲೇ ಹೇಳುತ್ತದೆ. ಕಡಿಮೆಯಾದರೆ ಯಾವ ಪುಟ, ಏಕೆ ಎಂದು ಕಡತಕ್ಕೆ ಬರೆದಿಡುತ್ತದೆ. ಝಡ್‌ರ‍್ಯಾಮನ್ನು ಹಾಗೆಯೇ ಬಿಟ್ಟೆ, 4 ಜಿಬಿಗೆ ಅದು ಹೇಗಿದ್ದರೂ ಒಳ್ಳೆಯದು. ಎಕ್ಸ್‌ಎಫ್‌ಸಿಇಗೆ ಕೈ ಹಚ್ಚಲಿಲ್ಲ.

ನರಕ ಚತುರ್ದಶಿಯ ಹಿಂದಿನ ರಾತ್ರಿ 240 ಪುಟಗಳೂ ಬಂದವು. ಪುಸ್ತಕ ರಾಜ್ಯೋತ್ಸವಕ್ಕೆ ಆಗಲಿಲ್ಲ. ಆದರೆ ತಡವಾದದ್ದು ಮುದ್ರಣಾಲಯದಲ್ಲಿ, ನಮ್ಮಿಂದಲ್ಲ. ಇದನ್ನು ಹೇಳಿಕೊಳ್ಳುವಾಗ ನನಗೆ ಆಗುವ ಸಮಾಧಾನ ಸ್ವಲ್ಪ ಹೆಚ್ಚೇ ಎಂದು ಮೇಡಂ ಅಭಿಪ್ರಾಯ.

ಮರಳಿ ನೋಡಿದಾಗ

ಇಂಥ ಕೆಲಸ ಮಾಡಿಕೊಡುವ ಇತರರಿಗೆ ನನ್ನ ಅನುಭವದಿಂದ ಉಪಯೋಗವಾಗುವುದು ಟಿಎಂಪಿ ವಿಚಾರಕ್ಕಿಂತ ಹೆಚ್ಚಾಗಿ ಬೇರೆ ಒಂದು. ಎರಡು ವಾರ ನಾನು ಮೇಡಂ ಅವರನ್ನು ಕೇಳಿದ್ದು "ಕಲ್ಲಾದಾಗ ಪರದೆಯಲ್ಲಿ ಏನಿತ್ತು?" ಎಂದು. ಅವರು ಸತ್ಯವನ್ನೇ ಹೇಳುತ್ತಿದ್ದರು: ಬ್ರೌಸರ್, ಲಿಬ್ರೆ ಆಫೀಸ್. ಸ್ಕ್ರಿಪ್ಟಿಗೆ ಪರದೆಯೇ ಇಲ್ಲ, ಹಾಗಾಗಿ ಅವರ ಉತ್ತರದಲ್ಲಿ ಅದು ಬರಲು ಸಾಧ್ಯವಿರಲಿಲ್ಲ. "ಸಂಜೆ ಕುಳಿತಾಗಿನಿಂದ ಏಳುವವರೆಗೆ ಏನೇನು ಮಾಡುತ್ತೀರಿ?" ಎಂದು ಒಮ್ಮೆ ಕೇಳಿದ್ದರೆ ಮೊದಲ ದಿನವೇ ಐಕಾನ್ ವಿಷಯ ಬರುತ್ತಿತ್ತು. ಹಗಲು ಚೆನ್ನಾಗಿದ್ದು ರಾತ್ರಿ ಕೆಡುತ್ತದೆ ಎಂಬ ಸುಳಿವೂ ಕೈಯಲ್ಲೇ ಇತ್ತು. ಅದನ್ನು ಬಿಟ್ಟು ಡೆಸ್ಕ್‌ಟಾಪ್ ಬದಲಿಸಿದೆ, ಏಕೆಂದರೆ ಅದು ನನಗೆ ಬರುವ ಕೆಲಸ.

ಏರಿಸಿದ ದಿನ ನಾನು ಪರೀಕ್ಷಿಸಿದ್ದು ವೈಫೈ, ಧ್ವನಿ, ಕನ್ನಡ ಕೀಲಿಮಣೆ, ಮುದ್ರಕ. ಎಲ್ಲವೂ ಉತ್ತೀರ್ಣ. ಮೇಡಂ ಹೊಟ್ಟೆಪಾಡಿನ ಕೆಲಸವನ್ನು ಒಂದು ಸಲವೂ ಓಡಿಸಿ ನೋಡಲಿಲ್ಲ; ನೋಡಿದ್ದರೂ ಬಹುಶಃ ಹತ್ತು ಪುಟಗಳ ಮಾದರಿಯೊಂದನ್ನು ಹಾಕಿ ಚಪ್ಪಾಳೆ ತಟ್ಟಿಕೊಳ್ಳುತ್ತಿದ್ದೆ.

ಒಂದು ತೊಂದರೆ ಇನ್ನೂ ಉಳಿದಿದೆ. ಮುಚ್ಚಳ ಹಾಕಿ ತೆರೆದಾಗ ಐದಾರು ಸಲಕ್ಕೊಮ್ಮೆ ವೈಫೈ ಏಳುವುದಿಲ್ಲ. ಆರಿಸಿ ಹಚ್ಚಿದರೆ ಸರಿಹೋಗುತ್ತದೆ. ಅದನ್ನು ಸದ್ಯ ಮುಟ್ಟುವುದು ಬೇಡ ಎಂದು ಇಬ್ಬರೂ ಸೇರಿ ತೀರ್ಮಾನಿಸಿದ್ದೇವೆ.

ಮೊನ್ನೆ ಹೋದಾಗ ಮೇಡಂ ಕೇಳಿದರು, ಮುಂದಿನ ಆವೃತ್ತಿ ಯಾವಾಗ ಎಂದು. ಡೆಬಿಯನ್ ಸುಮಾರು ಎರಡು ವರ್ಷಕ್ಕೊಂದು ತರುತ್ತದೆ, ಮುಂದಿನದರ ಅಡ್ಡಹೆಸರು ಫೋರ್ಕಿ ಎಂದೆ. ನೋಟುಪುಸ್ತಕದ ಕೊನೆಯ ಹಾಳೆ ತಿರುಗಿಸಿ ಬರೆದುಕೊಂಡರು. ಅಲ್ಲಿ ಆಗಲೇ ಒಂದು ಪಟ್ಟಿ ಇತ್ತು, ಹೊಸದು ಹಾಕಿದ ದಿನವೇ ನನ್ನ ಎದುರಿಗೆ ಮಾಡಿಸಬೇಕಾದ ಕೆಲಸಗಳದ್ದು. ಮೊದಲ ಸಾಲು: "ಅಗಲ ಪುಸ್ತಕ, 300 ಪುಟ, ಪೂರ್ತಿ. ಮುಗಿಯುವವರೆಗೆ ಅವನನ್ನು ಮನೆಗೆ ಬಿಡಬಾರದು."